ಜ್ವರಕ್ಕೆ ಕೂತ ಹುಳು

ನನ್ನ ಲ್ಯಾಪ್‌ಟಾಪ್‌ನಲ್ಲಿ 'ಹೊಸ ಕೆಲಸ' ಅಂತ ಒಂದು ಫೋಲ್ಡರ್ ಇದೆ. ಭಾನುವಾರ ತೆರೆದು ನೋಡಿದೆ. ಒಳಗಿರುವುದೆಲ್ಲ ಹಳೆಯದೇ. ಮೂರು ವಿಡಿಯೋ ಹಾಕಿ ಬಿಟ್ಟ ಯೂಟ್ಯೂಬ್ ಚಾನೆಲ್. ನಲವತ್ತನೇ ಪುಟದಲ್ಲಿ ನಿಂತ ಕಾದಂಬರಿ. ಹಾಲಿನ ಲೆಕ್ಕಕ್ಕೆ ಅಂತ ಶುರು ಮಾಡಿದ ಆ್ಯಪ್. ಉರ್ದು ಅಕ್ಷರಾಭ್ಯಾಸ, ಅದೂ 'ಜೀಮ್' ತನಕ.

ಟೈಮ್ ಸಿಗಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ತಾರೀಕು ನೋಡಿದರೆ ಅದು ಸುಳ್ಳು. ಪ್ರತಿಯೊಂದೂ ಮೂರನೇ ನಾಲ್ಕನೇ ವಾರದಲ್ಲಿ ನಿಂತಿದೆ. ಅದೇ ವಾರ ಇನ್ನೊಂದು ಶುರುವಾಗಿದೆ!

ನಮ್ಮದು ಶಿಡ್ಲಘಟ್ಟದ ಕಡೆ. ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಇರುವ ಊರು. ಬೇಸಿಗೆ ರಜೆಯೆಲ್ಲ ದೊಡ್ಡಮ್ಮನ ಹುಳು ಮನೆಯಲ್ಲೇ ಕಳೆದವನು ನಾನು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಹೆಚ್ಚುಕಮ್ಮಿ ಒಂದು ದಿನ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ತಿನ್ನೋದಿಲ್ಲ. ನೋಡಿದರೆ ಸತ್ತೇಹೋಯ್ತೇನೋ ಅನ್ನಿಸುತ್ತೆ. ಆದರೆ ಒಳಗೆ ಹೊಸ ಚರ್ಮ ತಯಾರಾಗುತ್ತಿರುತ್ತದೆ.

ಎಂಟು ವರ್ಷದವನಿದ್ದಾಗ ಪಾಪ ಅನ್ನಿಸಿ, ಜ್ವರಕ್ಕೆ ಕೂತ ಹುಳುಗಳ ತಟ್ಟೆಗೆ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಹಾಕಿಬಿಟ್ಟೆ. ದೊಡ್ಡಮ್ಮ ಓಡಿ ಬಂದು ತೆಗೆದರು.

"ಈಗ ಸೊಪ್ಪು ಹಾಕಬಾರದು ಕಣಪ್ಪ. ಮೊದಲು ಎದ್ದವು ತಿಂದ್ಕೊಂಡು ಮುಂದೆ ಹೋಗ್ತವೆ, ಮಿಕ್ಕವು ಹಿಂದೆ ಬೀಳ್ತವೆ. ಎಲ್ಲಾ ಏಳೋ ತನಕ ಸುಮ್ನಿರು."

ಸುಮ್ಮನಿರು ಅಂದವರು ತಾವೇನೂ ಸುಮ್ಮನೆ ಕೂರಲಿಲ್ಲ. ತಟ್ಟೆಯಲ್ಲಿ ಹುಳು ಮಲಗಿರೋ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸಿದರು. ಗಾಳಿ ಆಡುವಂತೆ ಕಿಟಕಿ ತೆಗೆದರು. ರಾತ್ರಿ ಎರಡು ಸಲ ಎದ್ದು ಬಂದು ನೋಡಿದರು. ತಾಳ್ಮೆ ಅಂದರೆ ಕೈಕಟ್ಟಿ ಕೂರೋದು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುವುದು ಇದಕ್ಕೇ.

ನಾಲ್ಕನೇ ಜ್ವರದಿಂದ ಎದ್ದ ಮೇಲೆ ನೋಡಬೇಕು. ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತವೆ. ಹುಳು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ಈ ಕೊನೆಯ ವಾರದ್ದೇ. ನಾನೋ, ಎರಡನೇ ಜ್ವರಕ್ಕೇ ತಟ್ಟೆ ಎತ್ತಿ ತಿಪ್ಪೆಗೆ ಸುರಿದು ಹೊಸ ಮೊಟ್ಟೆ ತರುವ ಗಿರಾಕಿ.

ಹಾಗಂತ ಒಂದೇ ಕೆಲಸಕ್ಕೆ ಅಂಟಿಕೊಳ್ಳಿ ಅನ್ನುವವರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದೊಡ್ಡಮ್ಮನಿಗೆ ಎರಡು ಹಸು ಇದ್ದವು, ಹೂಕೋಸು ಇತ್ತು, ಚೀಟಿ ವ್ಯವಹಾರವೂ ಇತ್ತು. ಆದರೆ ಹುಳು ಮನೆಯ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಒಂದು ಬೆಳೆ ಮುಗಿದು, ಗೂಡು ಬಿಡಿಸಿ, ಮನೆ ತೊಳೆದು ಔಷಧಿ ಹೊಡೆಯುವ ತನಕ ಇನ್ನೊಂದು ಬೆಳೆಯ ಹುಳು ಒಳಗೆ ಬರುವಂತಿಲ್ಲ. ಹಳೇ ಹುಳುವಿನ ರೋಗ ಎಳೇ ಹುಳುವಿಗೆ ಹತ್ತುತ್ತದೆ. ನನ್ನ ಫೋಲ್ಡರಿನಲ್ಲಿ ಆಗಿರೋದೂ ಅದೇ ಅಲ್ವಾ? ಕಾದಂಬರಿ ಬಿಟ್ಟ ಬೇಜಾರು ಆ್ಯಪ್‌ಗೆ ಹತ್ತಿತು, ಆ್ಯಪ್‌ನದು ಚಾನೆಲ್‌ಗೆ.

ಸದ್ಯಕ್ಕೆ ಉರ್ದು ಒಂದನ್ನು ಇಟ್ಟುಕೊಂಡಿದ್ದೇನೆ. ರಾತ್ರಿ ಅರ್ಧ ಗಂಟೆ. ಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡುವ ಗೆಳೆಯನೊಬ್ಬ ತಿದ್ದಿ ಕೊಡುತ್ತಾನೆ, ತಿದ್ದುವುದಕ್ಕಿಂತ ನಗುವುದೇ ಜಾಸ್ತಿ. ಎರಡು ವಾರವಾಯಿತು, ಜೀಮ್, ಚೇ, ಹೇ, ಖೇ ನಾಲ್ಕೂ ಒಂದೇ ಥರ ಕಾಣುತ್ತಿವೆ. ವ್ಯತ್ಯಾಸ ಇರೋದು ಚುಕ್ಕೆಯಲ್ಲಿ ಮಾತ್ರ.

ಈ ಮಧ್ಯೆ ಚಾನೆಲ್‌ಗೆ ಒಂದು ಭರ್ಜರಿ ಐಡಿಯಾ ಬಂದಿದೆ. ಇನ್ನೂ ಎಲ್ಲೂ ಬರೆದಿಟ್ಟಿಲ್ಲ.