ಮಸ್ಟಾಂಗ್ ಎಡಕ್ಕೆ ಎಳೆಯುತ್ತಿತ್ತು, ನಾನು ಎಂಜಿನ್ನನ್ನು ಬೈಯುತ್ತಿದ್ದೆ

ನಾಲ್ಕು ತಿಂಗಳು ಸುಮ್ನೆ ಎಂಜಿನ್ನನ್ನೂ ನನ್ನ ಕೈಯನ್ನೂ ಬೈದುಕೊಂಡೆ. ಡಿಸಿಎಸ್ ವರ್ಲ್ಡ್ ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿ ಉಚಿತವಾಗಿ ಸಿಗುವ ಮಸ್ಟಾಂಗ್ ವಿಮಾನ ಇದೆಯಲ್ಲ, ಟಿಎಫ್-51ಡಿ, ಅದು ರನ್‌ವೇ ಮೇಲೆ ಓಡಲು ಶುರು ಮಾಡಿದ ಕೂಡಲೇ ಎಡಕ್ಕೆ ಹೊರಳಿ ಹುಲ್ಲಿಗೆ ಇಳಿದುಬಿಡುತ್ತಿತ್ತು. ಅದು ಎಡಕ್ಕೆ ಎಳೆಯಲೇಬೇಕು, ಅಲ್ವಾ? ಮೂತಿಯಲ್ಲಿ ಮರ್ಲಿನ್ ಎಂಜಿನ್, ಅದರ ಮುಂದೆ ನಾಲ್ಕು ಅಲಗಿನ ಪ್ರೊಪೆಲ್ಲರ್, ಅದು ತಿರುಗುವ ರಭಸವೇ ಮೂತಿಯನ್ನು ಎಡಕ್ಕೆ ದೂಡುತ್ತದೆ. ಅದಕ್ಕೇ ಹಾರುವ ಮೊದಲು ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಟ್ರಿಮ್ ಬಲಕ್ಕೆ 6 ಡಿಗ್ರಿ ಇಡಬೇಕು, ಸ್ಟಿಕ್ ಹಿಂದಕ್ಕೆ ಎಳೆದು ಬಾಲದ ಚಕ್ರ ಲಾಕ್ ಮಾಡಬೇಕು, ಥ್ರಾಟಲ್ (ಎಂಜಿನ್ ವೇಗ ಏರಿಸುವ ಹಿಡಿ) ನಿಧಾನಕ್ಕೆ ಕೊಡಬೇಕು. ಎಲ್ಲ ಮಾಡಿದೆ. ಆದರೂ ಹುಲ್ಲು.

ಗುಟ್ಟು ಗೊತ್ತಾಗಿದ್ದು ಆಕಸ್ಮಿಕವಾಗಿ. ಒಂದು ರಾತ್ರಿ ಬೇಜಾರಾಗಿ ಸು-25ಟಿ ಹತ್ತಿದೆ. ಅದೂ ಉಚಿತವೇ, ಆದರೆ ಜೆಟ್. ಪ್ರೊಪೆಲ್ಲರೇ ಇಲ್ಲ. ನೆಟ್ಟಗೆ ಹಾರುತ್ತಿದ್ದ ಅದರ ಮೂತಿಯೂ ಯಾರೋ ತಲೆಗೆ ಮೊಟಕಿದ ಹಾಗೆ ಎಡಕ್ಕೆ ಜಗ್ಗಿತು. ಒಂದು ಸಲ, ಮತ್ತೊಂದು ಸಲ. ಅಲ್ಲಿಗೆ ಎಂಜಿನ್ ನಿರ್ದೋಷಿ.

ಹೀಗಾದಾಗ ಮೊದಲು ಆಟದ ಒಳಗೆ ಹುಡುಕಬೇಕು. ಹೊಸ ಡಿವೈಸ್ ಚುಚ್ಚಿದಾಗಲೆಲ್ಲ ಡಿಸಿಎಸ್ ಕೇಳದೇ ಅದಕ್ಕೂ ಪಿಚ್ (ಮೂತಿ ಮೇಲೆ-ಕೆಳಗೆ), ರೋಲ್ (ರೆಕ್ಕೆ ವಾಲಿಸುವುದು), ರಡ್ಡರ್ ಎಲ್ಲ ಹಂಚಿಬಿಡುತ್ತದೆ. ಥ್ರಾಟಲ್ ಬೇರೆ ಕೊಂಡವರ ಗತಿ ಕೇಳಬೇಡಿ. ಒಂದೇ ರಡ್ಡರ್‌ಗೆ ಇಬ್ಬರು ಡ್ರೈವರ್. ನೂರಕ್ಕೆ ಇಷ್ಟು ಎಂದು ಲೆಕ್ಕ ಕೊಡಲಾರೆ, ಆದರೆ 'ನನ್ನ ಜಾಯ್‌ಸ್ಟಿಕ್ ಕೆಟ್ಟಿದೆ' ಎಂದು ಫೋನ್ ಮಾಡಿದ ಗೆಳೆಯರಲ್ಲಿ ಹೆಚ್ಚಿನವರದ್ದು ಇದೇ ಕಥೆ. ಕಂಟ್ರೋಲ್ಸ್ ಪುಟದಲ್ಲಿ ಆಕ್ಸಿಸ್‌ಗಳ (ಸ್ಟಿಕ್‌ನ ಒಂದೊಂದು ಚಲನೆಯ) ಪಟ್ಟಿ ತೆರೆದು ಬೇಡದ್ದನ್ನು ಅಳಿಸಿದರೆ ಮುಗಿಯಿತು. ನಾನು ಅಳಿಸಿದೆ. ಜಗ್ಗುವುದು ನಿಲ್ಲಲಿಲ್ಲ.

ಆಮೇಲೆ ಆಟ ಮುಚ್ಚಿ ಹೊರಗೆ ನೋಡಬೇಕು. ವಿಂಡೋಸ್‌ನ ರನ್‌ನಲ್ಲಿ 'ಜಾಯ್.ಸಿಪಿಎಲ್' (joy.cpl) ಎಂದು ಕೊಟ್ಟರೆ ಒಂದು ಹಳೇ ಕಾಲದ ಪುಟ್ಟ ಕಿಟಕಿ ತೆರೆಯುತ್ತದೆ. ಸ್ಟಿಕ್ ಮುಟ್ಟದೇ ಎರಡು ನಿಮಿಷ ಅದನ್ನೇ ದಿಟ್ಟಿಸಿದೆ. ಎಕ್ಸ್, ವೈ ತೋರಿಸುವ ಪುಟ್ಟ ಗುರುತು ಅಲುಗಲಿಲ್ಲ. ಸ್ಟಿಕ್ ತಿರುಚಿ ರಡ್ಡರ್ ನಡೆಸುವ ಆಕ್ಸಿಸ್‌ನ ಪಟ್ಟಿ ಮಾತ್ರ ಬಿಕ್ಕಳಿಕೆ ಬಂದವರ ಹಾಗೆ ಆಗಾಗ ಹಾರುತ್ತಿತ್ತು. ಯುಎಸ್‌ಬಿ ಹಬ್ ತೆಗೆದು ನೇರ ಕಂಪ್ಯೂಟರ್ ಹಿಂಭಾಗಕ್ಕೆ ಚುಚ್ಚಿದೆ, ಪವರ್ ಉಳಿಸುವ ಸೆಟ್ಟಿಂಗ್ ಆಫ್ ಮಾಡಿದೆ. ಬಿಕ್ಕಳಿಕೆ ಹೋಗಲಿಲ್ಲ. ಹಬ್ ತಪ್ಪಾಗಿದ್ದರೆ ಇಡೀ ಸ್ಟಿಕ್ ಆಗಾಗ ಮಾಯವಾಗಿ ವಾಪಸ್ ಬರುತ್ತದೆ, ಒಂದೇ ಆಕ್ಸಿಸ್ ಕುಣಿಯುವುದಿಲ್ಲ. ಕುಣಿಯುವುದು ಒಂದೇ ಆದರೆ ಅನುಮಾನ ಎಷ್ಟು ತಿರುಗಿತು ಎಂದು ಅಳೆಯುವ ಅದರ ಪೊಟೆನ್ಷಿಯೋಮೀಟರ್ (ಚಿಕ್ಕದಾಗಿ ಪಾಟ್) ಮೇಲೆ, ಇಲ್ಲವೇ ಅದರ ವೈರ್ ಮೇಲೆ.

ಇಲ್ಲಿ ಎಲ್ಲರೂ ಕೊಡುವ ಸಲಹೆ: 'ಡೆಡ್‌ಜೋನ್ ಜಾಸ್ತಿ ಮಾಡಿ ಮಾರಾಯ್ರೇ.' ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಮಾಡುವುದು. ನನಗೆ ಈ ಸಲಹೆ ಕಂಡರೆ ಆಗುವುದಿಲ್ಲ. ಗಾಯಕ್ಕೆ ಪೌಡರ್ ಹಚ್ಚಿದ ಹಾಗೆ. ಫಿರಂಗಿ ಗುರಿ ಇಡುವಾಗ ಕೈ ಮಾಡುವ ಕೆಲಸವೆಲ್ಲ ನಡುವಿನ ಆ ಕೂದಲೆಳೆ ಜಾಗದಲ್ಲೇ ಇರುತ್ತದೆ. ಅದನ್ನೇ ಸತ್ತ ಜಾಗ ಮಾಡಿದರೆ ಮುಂದಿರುವ ವಿಮಾನಕ್ಕೆ ಎರಡು ಮೀಟರ್ ಆಚೆ, ಎರಡು ಮೀಟರ್ ಈಚೆ ಗುಂಡು ಹೊಡೆಯುತ್ತಾ ಕೂರಬೇಕು. ಅಲ್ಲದೆ ಸವೆತ ಅಲ್ಲಿಗೇ ನಿಲ್ಲುವುದಿಲ್ಲ. ಡೆಡ್‌ಜೋನ್ ಇವತ್ತು ನೂರಕ್ಕೆ 5, ಮುಂದಿನ ತಿಂಗಳು 10, ಆಮೇಲೆ 20.

ನಾಲ್ಕು ಸ್ಕ್ರೂ ಬಿಚ್ಚಿದೆ. ಪಾಟ್ ಒಳಗೆ ಕುದುರೆ ಲಾಳದ ಆಕಾರದ ಕಪ್ಪು ಕಾರ್ಬನ್ ಹಾದಿ, ಅದರ ಮೇಲೆ ಒಂದು ಸಣ್ಣ ಲೋಹದ ಬೆರಳು ಉಜ್ಜುತ್ತಾ ಓಡಾಡುತ್ತದೆ. ಸ್ಟಿಕ್ ಹೆಚ್ಚು ಹೊತ್ತು ನಡುವಲ್ಲೇ ಇರುವುದರಿಂದ ಹಾದಿ ಸವೆಯುವುದೂ ನಡುವಲ್ಲೇ. ನಮ್ಮ ಮನೆ ಹೊಸ್ತಿಲ ಹಾಗೆ. ಸ್ಟಿಕ್ ಬಂದ ಬಾಕ್ಸ್ ಮೇಲೆ ದೊಡ್ಡದಾಗಿ 'ಹಾಲ್ ಸೆನ್ಸರ್' ಎಂದು ಬರೆದಿತ್ತು. ಅಯಸ್ಕಾಂತದಿಂದ ಕೆಲಸ ಮಾಡುವ, ಉಜ್ಜಾಟವೇ ಇಲ್ಲದ ಸೆನ್ಸರ್ ಅದು. ನಿಜ, ಆದರೆ ಪಿಚ್ ಮತ್ತು ರೋಲ್‌ಗೆ ಮಾತ್ರ. ರಡ್ಡರ್‌ಗೆ ಹಳೇ ಪಾಟೇ. ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇದೊಂದೇ: ಎಲ್ಲ ಆಕ್ಸಿಸ್‌ಗೂ ಇದೆಯಾ?

ಪಾಟ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ (ಎಲೆಕ್ಟ್ರಾನಿಕ್ಸ್ ಭಾಗ ತೊಳೆಯುವ ಸ್ಪ್ರೇ) ಹೊಡೆದೆ. ಮೂರು ವಾರ ಸ್ವರ್ಗ, ಆಮೇಲೆ ಮತ್ತೆ ಬಿಕ್ಕಳಿಕೆ. (ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಧೂಳೆಲ್ಲ ಬಂದು ಅಲ್ಲೇ ಅಂಟಿಕೊಳ್ಳುತ್ತದೆ.) ಕೊನೆಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಹೊಸ ಪಾಟ್ ತಂದೆ. ಬೆಸುಗೆ ಹಾಕಿ, ಮುಚ್ಚಿ, ಚುಚ್ಚಿ ನೋಡಿದರೆ, ಸ್ಟಿಕ್ ನಡುವಲ್ಲಿದೆ, ಪರದೆಯ ಮೇಲೆ ರಡ್ಡರ್ ಹೆಚ್ಚುಕಡಿಮೆ ಪೂರ್ತಿ ಎಡಕ್ಕೆ! ಬಿಚ್ಚಿ ಓದಿದೆ. ಹಳೆಯದರ ಮೇಲೆ ಬಿ10ಕೆ, ಹೊಸದರ ಮೇಲೆ ಎ10ಕೆ. 10ಕೆ ಎರಡರಲ್ಲೂ ಒಂದೇ, ಅದು ರೋಧದ ಅಳತೆ. ಬಿ ಅಂದರೆ ಸಮವಾಗಿ ಏರುವಂಥದ್ದು, ಎ ಅಂದರೆ ರೇಡಿಯೋ ವಾಲ್ಯೂಮ್‌ಗೆ ಹಾಕುವಂಥದ್ದು. ಅದು ಸಮವಾಗಿ ಏರುವುದಿಲ್ಲ, ಅರ್ಧ ತಿರುಗಿಸಿದರೂ ನೂರಕ್ಕೆ ಹತ್ತು ಹದಿನೈದು ಪಾಲಷ್ಟೇ ಏರಿರುತ್ತದೆ, ಕಿವಿಗೆ ಹಾಗೇ ಹಿತ. ರಡ್ಡರ್‌ಗೆ ಕಿವಿ ಇಲ್ಲವಲ್ಲ. ಅಂಗಡಿಯವರ ತಪ್ಪೂ ಇಲ್ಲ. ನಾನು ಕೇಳಿದ್ದು '10ಕೆ' ಅಂತಷ್ಟೇ.

ಮತ್ತೆ ಹೋದೆ, ಬಿ ತಂದೆ, ಹಾಕಿದೆ. ಪಟ್ಟಿ ಈಗ ಕಲ್ಲಿನ ಹಾಗೆ ನಿಂತಿದೆ. ಪಾಟ್‌ಗಳ ಬೆಲೆಗಿಂತ ಜಾಸ್ತಿ ಖರ್ಚಾಗಿದ್ದು ಎರಡು ಸಲದ ಆಟೋಗೆ. 'ಹೊಸ ಸ್ಟಿಕ್ಕೇ ತಗೋ' ಎಂದವರ ಮಾತು ಕೇಳಿದ್ದರೆ ಸಾವಿರಾರು ರೂಪಾಯಿ ಕೊಟ್ಟು ಇನ್ನೊಂದು ಸವೆಯುವ ಪಾಟ್ ಮನೆಗೆ ತರುತ್ತಿದ್ದೆ.

ಮಸ್ಟಾಂಗ್ ಈಗಲೂ ಎಡಕ್ಕೆ ಎಳೆಯುತ್ತದೆ, ಆದರೆ ಥ್ರಾಟಲ್ ಕೊಟ್ಟಷ್ಟೇ ಎಳೆಯುತ್ತದೆ, ಮೊದಲಿನ ಹಾಗೆ ಮೊಟಕುವುದಿಲ್ಲ. ನಿನ್ನೆ ರಾತ್ರಿ ಮತ್ತೆ ಹುಲ್ಲಿಗೆ ಇಳಿದೆ. ಅದು ಮಾತ್ರ ನನ್ನದೇ ಕೈ.