ಮೆಟಲ್ ಬೇಡ, ಸ್ಟೀಲ್ ಹಾಕಿ!

"ಗೇಟಿಗೆ ಮೆಟಲ್ ಬೇಡ, ಸ್ಟೀಲೇ ಹಾಕಿ." ಸಾಕಪ್ಪಾ ಸಾಕು! ಹಣ್ಣು ಬೇಡ, ಮಾವು ಕೊಡಿ ಅಂದಂಗಾಯ್ತು. ಸ್ಟೀಲೇನು ಮರವೇ? ಕಬ್ಬಿಣಕ್ಕೆ ಶೇ. 2ರೊಳಗೆ ಇಂಗಾಲ ಬೆರೆತರೆ ಅದೇ ಉಕ್ಕು. ನೀವು 'ಬರೀ ಕಬ್ಬಿಣ' ಅಂತ ಮೂಗು ಮುರಿಯೋ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪೂ ಸ್ಟೀಲೇ, ಮಾರಾಯ್ರೇ! ತುಕ್ಕು ತಡೆಯೋದು 'ಸ್ಟೀಲ್' ಅನ್ನೋ ಹೆಸರಲ್ಲ, ಸ್ಟೇನ್‌ಲೆಸ್ ಸ್ಟೀಲಲ್ಲಿರೋ ಕನಿಷ್ಠ ಶೇ. 10.5 ಕ್ರೋಮಿಯಂ.

ಇನ್ನು ಜೇಬಿಂದ ಅಯಸ್ಕಾಂತ ತೆಗೆಯೋ ಪಂಡಿತರು ಬೇರೆ. ಅಂಟಲಿಲ್ಲ ಅಂದ್ರೆ ಅಸಲಿ ಸ್ಟೇನ್‌ಲೆಸ್ಸಂತೆ! ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 202 ಗ್ರೇಡಿಗೂ ಅಷ್ಟಾಗಿ ಅಂಟಲ್ಲ, ಅದಕ್ಕಿಂತ ಒಳ್ಳೆ 304 ಗ್ರೇಡಿಗೂ ಅಂಟಲ್ಲ. ಗಟ್ಟಿಯಾಗಿ ಅಂಟೋ 430 ಗ್ರೇಡೂ ಅಪ್ಪಟ ಸ್ಟೇನ್‌ಲೆಸ್ಸೇ. ಕಡೆಗೆ 202 ಹಾಕಿಸಿ, ಮಳೆಗಾಲಕ್ಕೆ ವೆಲ್ಡಿಂಗ್ ಪಕ್ಕ ಕಂದು ಚುಕ್ಕೆ ಎದ್ದಾಗ ಬೈಗುಳ ಯಾರಿಗೆ? ವೆಲ್ಡರಿಗೆ!