ಸ್ವಾಮಿ ಸುಮ್ನೆ ಇದ್ದಂಗೆ ಇರಲಿಲ್ಲ

ಹೋದ ವಾರ ಆಗುಂಬೆಗೆ ಹೋಗಿದ್ದೆ. ಮಳೆ ನಿಲ್ಲಲಿ ಅಂತ, 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಸ್ವಾಮಿ ಅನ್ನೋ ಹುಡುಗನ ಮನೆಯಾಗಿದ್ದ ದೊಡ್ಡಮನೆಯಲ್ಲಿ ಕೂತಿದ್ದಾಗ ಪಕ್ಕದಲ್ಲಿ ನಾಲ್ಕೈದು ಹುಡುಗರು ಫೋಟೊ ತೆಗೆಯುತ್ತಿದ್ದರು. ಒಬ್ಬ ಹೇಳಿದ, "ಆ ಸ್ವಾಮಿ ಎಷ್ಟು ಮುದ್ದಾಗಿದ್ದ ಮಾರಾಯ! ಆಕ್ಟಿಂಗೇ ಮಾಡಿಲ್ಲ, ಸುಮ್ನೆ ಇದ್ದಂಗೆ ಇದ್ದ." ಇನ್ನೊಬ್ಬ, "ಪಾಪ, ಆಮೇಲೆ ಚಾನ್ಸೇ ಸಿಕ್ಕಿಲ್ಲ ಅನ್ಸುತ್ತೆ."

ನನಗೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ಸ್ವಾಮಿಯ ಪಾತ್ರ ಮಾಡಿದ್ದು ಮಾಸ್ಟರ್ ಮಂಜುನಾಥ್. 'ಮಾಲ್ಗುಡಿ ಡೇಸ್' ಮಾಡಿದಾಗ ಅವರಿಗೆ ಹತ್ತರ ಆಸುಪಾಸು. ಶಂಕರ್ ನಾಗ್ ನಿರ್ದೇಶನ. ಎದುರಿಗೆ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಧಾರಾವಾಹಿ ತಯಾರಾಗಿದ್ದು ಇಂಗ್ಲಿಷ್‌ನಲ್ಲಿ, ಹಿಂದಿಯಲ್ಲಿ. ಕನ್ನಡ ಸಿನಿಮಾದ ಸೆಟ್ಟುಗಳಲ್ಲಿ ಬೆಳೆದ ಹುಡುಗ ಆ ಭಾಷೆಗಳಲ್ಲಿ ದೇಶಕ್ಕೆಲ್ಲ ಸ್ವಾಮಿಯಾದ. ಇದು ಸುಮ್ನೆ ಇದ್ದಂಗೆ ಇರೋದಾ?

ನಿಮಗೆಲ್ಲ ಗೊತ್ತು, ಇಪ್ಪತ್ತು ವರ್ಷದಿಂದ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ನಾಟಕ ಮಾಡಿಸುತ್ತಿದ್ದೇನೆ. ಮಕ್ಕಳಿಗೆ ಮಾತು ಹೇಳೋದು ಕಷ್ಟ ಅಲ್ಲ. ಕಷ್ಟ ಇರೋದು ಕೇಳಿಸಿಕೊಳ್ಳೋದರಲ್ಲಿ. ಎದುರಿನವರು ಮಾತಾಡುವಾಗ ಮಗುವಿನ ತುಟಿ ನೋಡಿ. ಅದೂ ಅದೇ ಮಾತನ್ನು ಸದ್ದಿಲ್ಲದೆ ಹೇಳುತ್ತಿರುತ್ತದೆ, ತನ್ನ ಸರದಿ ಎಲ್ಲಿ ತಪ್ಪಿಹೋಗುತ್ತೋ ಅಂತ. ಇದನ್ನು ಬಿಡಿಸಲು ನನಗೆ ತಿಂಗಳುಗಟ್ಟಲೆ ಬೇಕು. ಆ ಹುಡುಗ ಕಾರ್ನಾಡರ ಮಾತು ಕೇಳುತ್ತಾನೆ. ಆ ಮಾತು ಇದೇ ಮೊದಲ ಸಲ ಕಿವಿಗೆ ಬಿದ್ದ ಹಾಗೆ ಕೇಳುತ್ತಾನೆ.

ಶಂಕರ್ ನಾಗ್ ಇದ್ದರಲ್ಲ, ಎಲ್ಲ ಅವರೇ ಮಾಡಿಸಿದ್ದು ಅನ್ನುವವರಿದ್ದಾರೆ. ವೈದ್ಯನಾಥನ್ ಅವರ ಸಂಗೀತವೇ ಅರ್ಧ ಕೆಲಸ ಮಾಡಿತು ಅನ್ನುವವರೂ ಇದ್ದಾರೆ. ಶಂಕರಣ್ಣ ದೊಡ್ಡವರೇ, ನನಗಂತೂ ದೇವರ ಸಮಾನ. ಆದರೆ ಕ್ಯಾಮೆರಾ ಓಡುವಾಗ ಹುಡುಗನ ಮುಖದೊಳಗೆ ಹೋಗಿ ಕೂರಲು ಅವರಿಂದಲೂ ಆಗುತ್ತಿರಲಿಲ್ಲ.

ಇನ್ನೊಂದು ನೋಡಿ. 1990ರ 'ಅಗ್ನಿಪಥ್' ಹಿಂದಿ ಸಿನಿಮಾದಲ್ಲಿ ಅಮಿತಾಭ್ ಅವರ ಬಾಲ್ಯದ ವಿಜಯ್ ಆಗಿದ್ದು ಇದೇ ಹುಡುಗ. ಅಪ್ಪನನ್ನು ಕಳೆದುಕೊಂಡು ಒಳಗೆ ಬೇಯುತ್ತಿರುವ ಹುಡುಗ. ಸ್ವಾಮಿಯ ಪುಕ್ಕಲುತನ, ಅಜ್ಜಿ ಸೆರಗು, ಏನೂ ಅಲ್ಲಿಲ್ಲ. 'ಇದ್ದಂಗೆ ಇದ್ದ' ಅಂದರೆ ಯಾವುದು ಅವನು? ಸ್ವಾಮಿಯಾ, ವಿಜಯಾ?

ಒಂದು ಮಾತು ಒಪ್ಪಿಕೊಳ್ಳಬೇಕು. ನಾನೂ ಮಕ್ಕಳಿಗೆ ವರ್ಷಗಟ್ಟಲೆ ಹೇಳಿದ್ದು ಇದನ್ನೇ. "ಆಕ್ಟಿಂಗ್ ಮಾಡ್ಬೇಡ ಪುಟ್ಟಾ, ಆಟ ಆಡಿದ ಹಾಗೆ ಮಾಡು." ಒಂದು ವರ್ಷ ಒಬ್ಬಳು ಪುಟಾಣಿ, ಅದೇ ದೃಶ್ಯ ಐದನೇ ಸಲ ಮಾಡಿಸಿದಾಗ, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು: "ಮಿಸ್, ಆಟದಲ್ಲಿ ಸೋತು ಅಳೋದನ್ನ ಐದು ಸಲ ಮಾಡಲ್ಲ ಅಲ್ವಾ?" ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತಿನಿಂದ ಆ ಮಾತು ಬಿಟ್ಟೆ. ಈಗ 'ಕೆಲಸ ಮಾಡೋಣ ಬನ್ನಿ' ಅನ್ನುತ್ತೇನೆ.

ಇನ್ನು ಆ 'ಪಾಪ'. ಮಂಜುನಾಥ್ ದೊಡ್ಡವರಾದ ಮೇಲೆ ನಟನೆ ಬಿಟ್ಟು ಬೇರೆ ಕೆಲಸಕ್ಕೆ ಹೋದರು. ಇದರಲ್ಲಿ ಪಾಪ ಏನು ಬಂತು? ಹತ್ತು ವರ್ಷಕ್ಕೇ ಒಂದು ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿ ಮುಗಿಸಿದವರು. ಇನ್ನೊಂದು ಬದುಕು ಆರಿಸಿಕೊಳ್ಳುವ ಹಕ್ಕು ಅವರಿಗಿಲ್ಲವಾ? ಅವರು ಇವತ್ತಿಗೂ ನಮಗಾಗಿ ಚಡ್ಡಿ ಹಾಕಿಕೊಂಡು ಮಾಲ್ಗುಡಿಯಲ್ಲೇ ಓಡಾಡುತ್ತಿರಬೇಕಾ?

ಆ ಹುಡುಗರಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ. ಅಪ್ಪ ಮಗನ ಧೈರ್ಯ ಪರೀಕ್ಷಿಸಲು ರಾತ್ರಿ ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗು ಅನ್ನುವ ಕಂತು ಇದೆಯಲ್ಲ, ಅದನ್ನು ಇನ್ನೊಮ್ಮೆ ನೋಡಿ ಅಂದೆ. ಕಾರ್ನಾಡರು ಮಾತಾಡುವಾಗ ಅವರನ್ನು ನೋಡಬೇಡಿ, ಹುಡುಗನ ತುಟಿ ನೋಡಿ ಅಂದೆ. ಒಬ್ಬ ಅಲ್ಲೇ ಮೊಬೈಲ್ ತೆಗೆದು ಹುಡುಕತೊಡಗಿದ.